ಸಂಧಿವಾತದ ಮಾತ್ರೆಗೆ ಹೊರಿಸಿದ ಅಪವಾದ

ಸಂಧಿವಾತಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. “ಆ ಮಾತ್ರೆ ಬಲು ಉಷ್ಣ, ಮೈಯಲ್ಲಿರೋ ಸತ್ವನೆಲ್ಲ ಹೀರಿಬಿಡುತ್ತೆ, ಮೊದಲು ನಿಲ್ಲಿಸಿ” ಎಂಬ ಮಾತು ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತದೆ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೇಳುತ್ತದೆ, ಮೊಬೈಲಿಗೆ ಬಂದು ಬೀಳುವ ವಿಡಿಯೊಗಳಲ್ಲಂತೂ ದಿನವೂ ಕೇಳುತ್ತದೆ. ಹಿಂದೆ ಬರೀ ‘ಸತ್ವ’ ಎನ್ನುತ್ತಿದ್ದರು. ಈಗ ಅದಕ್ಕೆ ಸತು, ತಾಮ್ರ, ಸೆಲೆನಿಯಂ, ಮೆಗ್ನೀಸಿಯಂ ಎಂಬ ಹೆಸರುಗಳು ಸೇರಿಕೊಂಡು ವಿಜ್ಞಾನದ ಗತ್ತು ಬಂದಿದೆ. ಮಾತ್ರೆಯಿಂದ ಈ ಸೂಕ್ಷ್ಮ ಖನಿಜಗಳು ಬರಿದಾಗುತ್ತವೆ, ಅವು ಬರಿದಾದ್ದರಿಂದಲೇ ಕೀಲು ಕೆಡುತ್ತದೆ, ಖನಿಜ ತುಂಬಿಕೊಂಡರೆ ಮಾತ್ರೆಯ ಹಂಗೇ ಬೇಡ ಎನ್ನುವುದು ಇಂದು ಚಾಲ್ತಿಯಲ್ಲಿರುವ ವಾದ. ಈ ವಾದ ಬುಡದಿಂದಲೇ ತಪ್ಪು. ಇದನ್ನು ನಂಬಿ ಔಷಧ ಬಿಟ್ಟವರ ಬೆರಳುಗಳು ಮತ್ತೆ ನೆಟ್ಟಗಾಗದಂತೆ ಸೊಟ್ಟಗಾಗುತ್ತಿವೆ. ಸುಮ್ಮನೆ ಕೇಳಿಕೊಂಡು ಕೂರುವ ವಿಷಯ ಇದಲ್ಲ.

ವಯಸ್ಸಾದವರ ಮಂಡಿ ಸವೆತವನ್ನು ಇಲ್ಲಿ ಬದಿಗಿಡೋಣ. ನಾನು ಹೇಳುತ್ತಿರುವುದು ರುಮಟಾಯ್ಡ್ ಸಂಧಿವಾತದ ಬಗ್ಗೆ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆ ಕೀಲಿನ ಒಳಪದರದ ಮೇಲೆಯೇ ತಿರುಗಿಬೀಳುವ ಕಾಯಿಲೆ ಇದು. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದು, ಕಾಫಿ ಲೋಟ ಹಿಡಿಯಲಾಗದು, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರಬೇಕು. ದೆಹಲಿ ಸಮೀಪದ ಬಲ್ಲಭಗಢದ ಹಳ್ಳಿಗಳಲ್ಲಿ ಡಾ. ಎ. ಎನ್. ಮಾಳವೀಯ ಮತ್ತು ಸಂಗಡಿಗರು ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 0.75 ಮಂದಿಗೆ ಈ ಕಾಯಿಲೆಯಿತ್ತು. ಅಂದರೆ ಸಾವಿರ ಜನರಿರುವ ಊರಿನಲ್ಲೂ ಇಂಥವರು ಕೆಲವರು ಸಿಗುತ್ತಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧ ಬಿದ್ದರೆ ಮೂಳೆ ಉಳಿಯುತ್ತದೆ. ಆ ಕಾಲ ಕೈಜಾರಿದರೆ ಆಮೇಲೆ ಎಂಥ ಔಷಧ ಕೊಟ್ಟರೂ ತಿಂದುಹೋದ ಮೂಳೆ ಮರಳಿ ಬೆಳೆಯುವುದಿಲ್ಲ.

ಖನಿಜದ ವಾದಕ್ಕೆ ಇಂಬು ಕೊಡುತ್ತಿರುವುದು ಲ್ಯಾಬಿನ ರಿಪೋರ್ಟು. ತಿಪಟೂರಿನ ನನ್ನ ಸೋದರತ್ತೆ ಅಂಥದ್ದೊಂದನ್ನು ನನ್ನ ಮುಂದೆ ಹಿಡಿದಿದ್ದರು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ‘ಫುಲ್ ಬಾಡಿ ಪ್ಯಾಕೇಜ್’ ಅದು. ನುಣುಪಾದ ಕಾಗದದ ಹತ್ತಾರು ಪುಟ, ನಡುವೆ ಒಂದು ಪುಟದಲ್ಲಿ ಸತು 54, ಅದರ ಪಕ್ಕ ಕೆಂಪಕ್ಷರದಲ್ಲಿ ‘ಕಡಿಮೆ’. ಅದರ ಕೆಳಗೆ ತಾಮ್ರ 170, ಪಕ್ಕದಲ್ಲಿ ‘ಹೆಚ್ಚು’. ತೆಂಗಿನಕಾಯಿ ತುರಿಯಲಾಗದೆ ತುರಿಮಣೆಯನ್ನು ಅಟ್ಟಕ್ಕೆ ಹಾಕಿದ್ದ ಅತ್ತೆ ಆ ಕೆಂಪಕ್ಷರ ನೋಡಿಯೇ ಸಂಧಿವಾತಕ್ಕೆಂದು ತೆಗೆದುಕೊಳ್ಳುತ್ತಿದ್ದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನಿಲ್ಲಿಸಿದ್ದರು. “ನೋಡೋ, ಆ ಹಳದಿ ಮಾತ್ರೆ ನನ್ನ ಸತುವನ್ನೆಲ್ಲ ತಿಂದ್ಹಾಕಿದೆ” ಎಂದರು. ಅದೇ ರಿಪೋರ್ಟಿನ ಮೊದಲ ಪುಟದಲ್ಲಿ ಸಿಆರ್‌ಪಿ 46 ಎಂದಿತ್ತು. ಸಿಆರ್‌ಪಿ ಎಂದರೆ ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತಿಳಿಸುವ ಅಳತೆ, ಹತ್ತರೊಳಗೆ ಇರಬೇಕಾದ್ದು. ಅದನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಸತು ಏಕೆ ಇಳಿದಿದೆ ಎಂಬುದಕ್ಕೆ ಉತ್ತರ ಆ 46ರಲ್ಲಿತ್ತು.

ಉರಿಯೂತ ಎದ್ದಾಗ ಬಿಳಿ ರಕ್ತಕಣಗಳು ಐಎಲ್-6 ಎಂಬ ಸಂದೇಶದ ಪ್ರೋಟೀನನ್ನು ಹೊರಬಿಡುತ್ತವೆ. ಅದು ತಲುಪುತ್ತಿದ್ದಂತೆ ಯಕೃತ್ತು ರಕ್ತದಲ್ಲಿರುವ ಸತುವನ್ನು ತನ್ನೊಳಕ್ಕೆ ಎಳೆದುಕೊಂಡು ಮೆಟಲೊಥಯೊನಿನ್ ಎಂಬ ಪ್ರೋಟೀನಿಗೆ ಕಟ್ಟಿ ಇಟ್ಟುಕೊಳ್ಳುತ್ತದೆ. ಸೋಂಕು ತಗುಲಿದಾಗಲೂ ಹೀಗೆಯೇ, ಶಸ್ತ್ರಚಿಕಿತ್ಸೆಯಾದ ಮಾರನೆಯ ದಿನವೂ ಹೀಗೆಯೇ. ಮೈಯಲ್ಲಿರುವ ಒಟ್ಟು ಸತುವಿನ ನೂರರಲ್ಲೊಂದು ಪಾಲೂ ರಕ್ತರಸದಲ್ಲಿ ಇರುವುದಿಲ್ಲ. ಆ ಚೂರನ್ನು ಅಳೆದು ಇಡೀ ಮೈ ಬರಿದಾಗಿದೆ ಎಂದು ಸಾರುವುದು, ಪಡಸಾಲೆಯಲ್ಲಿದ್ದ ಅಕ್ಕಿ ಮೂಟೆಯನ್ನು ಉಗ್ರಾಣಕ್ಕೆ ಸಾಗಿಸಿದ್ದನ್ನು ಕಂಡು ಮನೆಯಲ್ಲಿ ಅಕ್ಕಿಯೇ ಇಲ್ಲ ಎಂದಂತೆ.

ಇನ್ನು ತಾಮ್ರ. ಮಾತ್ರೆ ಖನಿಜ ಹೀರುತ್ತದೆ ಎನ್ನುವವರು ಅದೇ ರಿಪೋರ್ಟಿನಲ್ಲಿ ಏರಿ ಕುಳಿತಿರುವ ತಾಮ್ರಕ್ಕೆ ಏನು ಸಮಾಧಾನ ಹೇಳುತ್ತಾರೆ? ಒಂದನ್ನು ಹೀರಿ ಇನ್ನೊಂದನ್ನು ತುಂಬುವ ಮಾತ್ರೆಯೇ ಅದು? ಉರಿಯೂತದ ಲೆಕ್ಕದಲ್ಲಿ ಮಾತ್ರ ಇದು ಕೂಡಿಬರುತ್ತದೆ. ರಕ್ತದ ತಾಮ್ರದಲ್ಲಿ ಬಹುಪಾಲನ್ನು ಹೊರುವುದು ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನ್. ಉರಿಯೂತದಲ್ಲಿ ಯಕೃತ್ತು ಅದನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ, ಅದರೊಡನೆ ತಾಮ್ರದ ಅಂಕಿಯೂ ಮೇಲೇರುತ್ತದೆ. ಸತು ಇಳಿದು ತಾಮ್ರ ಏರುವ ಈ ಜೋಡಿ ಲಕ್ಷಣ ಕಾಯಿಲೆ ಕೆರಳಿದೆ ಎಂಬುದರ ಗುರುತು. ಅತ್ತೆ ಮಾಡಬೇಕಾಗಿದ್ದದ್ದು ಔಷಧ ಸಾಲುತ್ತಿದೆಯೇ ಎಂದು ಕೇಳುವುದು. ಮಾಡಿದ್ದು ಅದನ್ನು ನಿಲ್ಲಿಸುವುದು.

ಕಬ್ಬಿಣದ ಕತೆ ಇನ್ನೂ ಸ್ಪಷ್ಟ. ಸಂಧಿವಾತದವರು ‘ರಕ್ತ ಕಮ್ಮಿ’ ಎಂದು ಬಿಳಿಚಿಕೊಂಡಿರುವುದನ್ನು ನಾವೆಲ್ಲ ನೋಡಿದ್ದೇವೆ. 2000ದ ಸುಮಾರಿಗೆ ಪತ್ತೆಯಾದ ಹೆಪ್ಸಿಡಿನ್ ಎಂಬ ಹಾರ್ಮೋನು ಇದರ ಗುಟ್ಟು ಬಿಡಿಸಿತು. ಐಎಲ್-6 ಏರಿದರೆ ಯಕೃತ್ತಿನಿಂದ ಹೆಪ್ಸಿಡಿನ್ ಸುರಿಯುತ್ತದೆ. ಅದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಬರುವ ದಾರಿಯನ್ನು ಮುಚ್ಚುತ್ತದೆ, ಮೈಯೊಳಗೆ ಕೂಡಿಟ್ಟ ಕಬ್ಬಿಣಕ್ಕೂ ಬೀಗ ಹಾಕುತ್ತದೆ. ಆಗ ಕಬ್ಬಿಣದ ಮಾತ್ರೆ ನುಂಗಿದರೂ ಫಲ ಅಷ್ಟಕ್ಕಷ್ಟೆ. ಈಗ ಸಂಧಿವಾತಕ್ಕೆ ಕೊಡುವ ಟೊಸಿಲಿಜುಮಾಬ್ ಎಂಬ ಇಂಜೆಕ್ಷನ್ ಆ ಐಎಲ್-6ರ ಕೆಲಸವನ್ನೇ ತಡೆಯುತ್ತದೆ. ಅದನ್ನು ಕೊಟ್ಟವರಲ್ಲಿ ಹೆಪ್ಸಿಡಿನ್ ಇಳಿದು ಹಿಮೋಗ್ಲೋಬಿನ್ ಏರುತ್ತದೆ. ಸಂಧಿವಾತದ ಔಷಧ ಮೈಯ ಕಬ್ಬಿಣವನ್ನು ಬಿಡಿಸಿ ಕೊಡುತ್ತಿದೆ! ಸತ್ವ ಹೀರುತ್ತದೆ ಎಂಬ ಆಪಾದನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಾಗಿಲ್ಲ.

ಇದನ್ನು ಲ್ಯಾಬುಗಳು ಅರಿಯದೆ ಇಲ್ಲ. ಸ್ಕಾಟ್‌ಲೆಂಡಿನ ಗ್ಲಾಸ್ಗೊ ನಗರದ ವೈದ್ಯರು ಸಾವಿರಾರು ರಕ್ತಪರೀಕ್ಷೆಗಳನ್ನು ಸಿಆರ್‌ಪಿಯೊಡನೆ ಹೋಲಿಸಿ 2012ರಲ್ಲಿ ಪ್ರಕಟಿಸಿದ್ದಾರೆ: ಸಿಆರ್‌ಪಿ 20 ದಾಟಿದ್ದರೆ ರಕ್ತದ ಸತುವಿನ ಅಂಕಿಯನ್ನು ನಂಬುವಂತಿಲ್ಲ, 10 ದಾಟಿದ್ದರೆ ಸೆಲೆನಿಯಂ ಅಂಕಿಯನ್ನೂ ನಂಬುವಂತಿಲ್ಲ. ಈ ಒಂದು ಸಾಲನ್ನು ರಿಪೋರ್ಟಿನ ಕೆಳಗೆ ಅಚ್ಚುಹಾಕಲು ಖರ್ಚೇನೂ ಇಲ್ಲ. ಆದರೂ ಹಾಕುವುದಿಲ್ಲ. ಕೆಂಪಕ್ಷರ ಕಂಡು ಹೆದರಿದವರು ಮತ್ತೊಂದು ಪ್ಯಾಕೇಜಿಗೆ ಹಣ ಕಟ್ಟುತ್ತಾರೆ, ಅದಕ್ಕೇ ಇರಬೇಕು.

ಹಾಗಾದರೆ ಖನಿಜವನ್ನು ನಿಜಕ್ಕೂ ಹೊರಹಾಕಿದ ಸಂಧಿವಾತದ ಔಷಧ ಒಂದೂ ಇರಲಿಲ್ಲವೇ? ಇತ್ತು. ಅದರ ಹೆಸರು ಪೆನಿಸಿಲಮೀನ್. ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಕ್ಕೆ ಸಾಗಿಸುವುದೇ ಅದರ ಗುಣ. ಬ್ರಿಟನ್ನಿನ ವೈದ್ಯ ಜಾನ್ ವಾಲ್ಶ್ 1956ರಲ್ಲಿ ಅದನ್ನು ವಿಲ್ಸನ್ ಕಾಯಿಲೆಗೆ, ಎಂದರೆ ಯಕೃತ್ತಿನಲ್ಲೂ ಮಿದುಳಿನಲ್ಲೂ ತಾಮ್ರ ತುಂಬಿಕೊಳ್ಳುವ ಕಾಯಿಲೆಗೆ, ತಂದರು. ಮುಂದೆ ಅದನ್ನು ಸಂಧಿವಾತಕ್ಕೂ ಕೊಟ್ಟು ನೋಡಿದರು. 1973ರಲ್ಲಿ ಬ್ರಿಟನ್ನಿನ ಹಲವು ಆಸ್ಪತ್ರೆಗಳು ಒಟ್ಟಾಗಿ ನಡೆಸಿದ ಪರೀಕ್ಷೆಯಲ್ಲಿ ಗುಣವೂ ಕಂಡಿತು. ಆದರೆ ತೆಗೆದುಕೊಂಡವರಲ್ಲಿ ಎಷ್ಟೋ ಮಂದಿಗೆ ನಾಲಿಗೆಯ ರುಚಿ ಹೋಯಿತು, ಅದಕ್ಕೆ ಖನಿಜದ ನಷ್ಟವೇ ಕಾರಣವೆಂದು ಶಂಕಿಸಿದರು. ಮೂತ್ರಪಿಂಡಕ್ಕೂ ತೊಂದರೆಯಾಗುತ್ತಿತ್ತು. ಅದಕ್ಕಿಂತ ಒಳ್ಳೆಯ ಔಷಧಗಳು ಬಂದ ಮೇಲೆ ಸಂಧಿವಾತಕ್ಕೆ ಪೆನಿಸಿಲಮೀನ್ ಬರೆಯುವವರು ಇಲ್ಲವೆಂಬಷ್ಟು ಕಡಿಮೆಯಾದರು. ಔಷಧ ಹೋಯಿತು, ಅದಕ್ಕೆ ಅಂಟಿದ್ದ ಆರೋಪ ಮಾತ್ರ ಉಳಿದುಕೊಂಡು, ಈಗ ಯಾವ ಸಂಬಂಧವೂ ಇಲ್ಲದ ಮಾತ್ರೆಗಳ ತಲೆಗೆ ಬಂದು ಕೂತಿದೆ.

ಇಂದು ಸಂಧಿವಾತದ ಚಿಕಿತ್ಸೆಯ ಬೆನ್ನೆಲುಬು ಮೆಥೊಟ್ರೆಕ್ಸೇಟ್. ಅದು ತಡೆಯುವುದು ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ನಿನ ಕೆಲಸವನ್ನು. ಫೋಲೇಟ್ ಖನಿಜವಲ್ಲ. ಈ ಕತೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಮುಂಬಯಿಯ ಗಿರಣಿ ಕೆಲಸದ ಬಸುರಿ ಹೆಂಗಸರ ರಕ್ತಹೀನತೆಯ ಬೆನ್ನು ಹತ್ತಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಇಲ್ಲಿಗೆ ಬಂದರು. ಯೀಸ್ಟಿನ ಸಾರದಲ್ಲಿರುವ ಯಾವುದೋ ಅಂಶ ಆ ರಕ್ತಹೀನತೆಯನ್ನು ವಾಸಿ ಮಾಡುತ್ತದೆ ಎಂದು 1931ರಲ್ಲಿ ತೋರಿಸಿಕೊಟ್ಟರು. ಅದೇ ಫೋಲೇಟ್. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಯೆಲ್ಲಪ್ರಗಡ ಸುಬ್ಬರಾವ್ ಅವರ ಲೆಡರ್ಲೆ ಪ್ರಯೋಗಾಲಯದ ತಂಡ ಫೋಲಿಕ್ ಆಸಿಡ್ಡನ್ನು ತಯಾರಿಸಿತು, ಅದಕ್ಕೆ ಎದುರಾಗಿ ನಿಲ್ಲುವ ಅಮಿನೊಪ್ಟೆರಿನ್, ಮೆಥೊಟ್ರೆಕ್ಸೇಟ್‌ಗಳನ್ನೂ ತಯಾರಿಸಿತು. 1951ರಲ್ಲಿ ಅಮಿನೊಪ್ಟೆರಿನ್ ಸಂಧಿವಾತವನ್ನು ತಗ್ಗಿಸುವುದು ಕಂಡಿತು. 1985ರ ಪರೀಕ್ಷೆಗಳು ಮೆಥೊಟ್ರೆಕ್ಸೇಟನ್ನು ಗಟ್ಟಿಯಾಗಿ ನಿಲ್ಲಿಸಿದವು, 1988ರಲ್ಲಿ ಅಮೆರಿಕದ ಔಷಧ ಇಲಾಖೆ ಸಂಧಿವಾತಕ್ಕೆ ಒಪ್ಪಿಗೆ ಕೊಟ್ಟಿತು. ಅದರೊಡನೆ ಫೋಲಿಕ್ ಆಸಿಡ್ ತೆಗೆದುಕೊಂಡರೆ ಬಾಯಿಹುಣ್ಣು, ವಾಕರಿಕೆ, ಲಿವರ್ ಏರುಪೇರು ತಗ್ಗುತ್ತವೆ. ತುಂಬಿಕೊಡಬೇಕಾದ್ದು ಅದು, ವೈದ್ಯರು ಅದನ್ನು ಚೀಟಿಯಲ್ಲಿ ಬರೆದೇ ಇರುತ್ತಾರೆ. ಮೆಥೊಟ್ರೆಕ್ಸೇಟ್ ಸಾಧು ಮಾತ್ರೆಯೆಂದು ನಾನು ಹೇಳುತ್ತಿಲ್ಲ. ಆಗಾಗ ರಕ್ತಕಣ, ಲಿವರ್, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಿಸುತ್ತಿರಲೇಬೇಕು. ಬಸುರಿಯರು, ಬಸುರಾಗಬೇಕೆಂದಿರುವವರು ಅದನ್ನು ಮುಟ್ಟುವಂತಿಲ್ಲ. ಅದರ ನಿಜವಾದ ಅಪಾಯಗಳು ಇವು. ಸತು ಕದಿಯುವ ಆರೋಪ ಈ ಪಟ್ಟಿಗೆ ಸೇರುವುದಿಲ್ಲ.

ಖನಿಜ ನಿಜವಾಗಿ ಸೋರುವ ಜಾಗ ಬೇರೆ ಇದೆ, ಅದರ ಬಗ್ಗೆ ಯಾರಿಗೂ ಹೆದರಿಕೆಯಿಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ “ಮೈಕೈ ನೋವಿಗೆ ನಾಲ್ಕು ಮಾತ್ರೆ ಕೊಡಿ” ಎಂದು ಕೇಳಿ ತರುವ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್‌ಗಳು ನೋವಿನ ಜೊತೆಗೆ ಜಠರದ ಒಳಪೊರೆಯನ್ನು ಕಾಯುವ ಪ್ರೊಸ್ಟಗ್ಲಾಂಡಿನ್‌ಗಳನ್ನೂ ತಗ್ಗಿಸುತ್ತವೆ. ಪೊರೆ ಹುಣ್ಣಾಗಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಬಹುದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ದಿನಕ್ಕೆ ಒಂದು ಟೀ ಚಮಚದಷ್ಟು ರಕ್ತ ಸೋರಿದರೆ ಎರಡೂವರೆ ಮಿಲಿಗ್ರಾಂ ಕಬ್ಬಿಣ ಹೋಯಿತು. ಊಟದಿಂದ ಕರುಳು ದಿನವೊಂದಕ್ಕೆ ಹೀರಿಕೊಳ್ಳುವುದು ಸಾಮಾನ್ಯವಾಗಿ ಒಂದರಿಂದ ಎರಡು ಮಿಲಿಗ್ರಾಂ. ಈ ಬಾಕಿ ತಿಂಗಳುಗಟ್ಟಲೆ ಬೆಳೆಯುತ್ತಾ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ, ಕರ್ನಾಟಕದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಮೊದಲೇ ಬರಿದಾದ ಮೈಯಿಂದ ಇದೂ ಸೋರುತ್ತದೆ. ಅದರ ಮೇಲೆ ಉರಿಯೂತವಿದ್ದಾಗ, ಕೂಡಿಟ್ಟ ಕಬ್ಬಿಣದ ಅಳತೆಯಾದ ಫೆರಿಟಿನ್ ತಾನಾಗಿ ಏರುವುದರಿಂದ ರಿಪೋರ್ಟಿನಲ್ಲಿ ಕಬ್ಬಿಣ ಸಾಕಷ್ಟಿರುವಂತೆಯೇ ಕಾಣುತ್ತದೆ. ಕೆಂಪಕ್ಷರ ಬೀಳಬೇಕಾದ ಕಡೆ ಬೀಳುವುದಿಲ್ಲ.

ನೋವಿನ ಮಾತ್ರೆಯ ಬೆನ್ನಿಗೇ ‘ಗ್ಯಾಸ್ ಮಾತ್ರೆ’ ಬರುತ್ತದೆ. ಹುಣ್ಣಾಗದಂತೆ ತಡೆಯಲು ಅದನ್ನು ಕೊಡುವುದು ಸರಿಯೇ. ಆದರೆ ನೋವಿನ ಮಾತ್ರೆ ನಿಂತ ಮೇಲೂ ಪ್ಯಾಂಟೊಪ್ರಜೋಲನ್ನು ಬೆಳಗಿನ ಖಾಲಿ ಹೊಟ್ಟೆಗೆ ವರ್ಷಗಟ್ಟಲೆ ನುಂಗುವವರು ಎಷ್ಟು ಮನೆಗಳಲ್ಲಿಲ್ಲ? ಜಠರದ ಆಮ್ಲ ತಗ್ಗಿದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ. ಈ ಗುಂಪಿನ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡವರಲ್ಲಿ ಮೆಗ್ನೀಸಿಯಂ ಕುಸಿಯಬಹುದು ಎಂದು ಅಮೆರಿಕದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿದೆ. ಇನ್ನು ಸ್ಟಿರಾಯ್ಡ್. ನುಂಗಿದ ಎರಡು ದಿನಕ್ಕೆ ಮೈ ಹಗುರಾಗುವುದರಿಂದ ಪ್ರೆಡ್ನಿಸೊಲೋನ್ ಎಲ್ಲರಿಗೂ ಪ್ರಿಯ. ಅದು ಕರುಳಿನಲ್ಲಿ ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ಹೆಚ್ಚಿಸುತ್ತದೆ, ಮೊದಲ ಆರು ತಿಂಗಳಲ್ಲೇ ಮೂಳೆ ತೆಳ್ಳಗಾಗತೊಡಗುತ್ತದೆ. 2006ರ ಚಿಕೂನ್‌ಗುನ್ಯ ನೆನಪಿದೆಯಲ್ಲ. ದೇಶದಲ್ಲೇ ಹೆಚ್ಚು, ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ನಮ್ಮ ರಾಜ್ಯದಲ್ಲಿ ದಾಖಲಾದವು. ಜ್ವರ ಇಳಿದರೂ ತಿಂಗಳುಗಟ್ಟಲೆ ಕೀಲುನೋವು ಬಿಡಲಿಲ್ಲ. ನೋವಿನ ಮಾತ್ರೆ, ಗ್ಯಾಸ್ ಮಾತ್ರೆ, ಸ್ಟಿರಾಯ್ಡ್ ಈ ಮೂರನ್ನೂ ಮನೆಮದ್ದಿನಂತೆ ಬಳಸುವ ಅಭ್ಯಾಸ ಎಷ್ಟೋ ಊರುಗಳಲ್ಲಿ ಆಗಲೇ ಬೇರೂರಿತೆಂದು ನನ್ನ ಅನಿಸಿಕೆ.

ಹೀಗೆ ಭಯ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ. ಪರಿಹಾರವೆಂದು ಮಾರುವ ವಸ್ತುವಂತೂ ಮೂರನೆಯ ಕಡೆ. ಸತುವಿನ ಮಾತ್ರೆಯಿಂದ ಸಂಧಿವಾತ ಇಳಿಯುತ್ತದೆ ಎಂಬ ಆಸೆ ಹುಟ್ಟಿದ್ದು 1976ರಲ್ಲಿ. ಅಮೆರಿಕದ ಪೀಟರ್ ಸಿಮ್‌ಕಿನ್ 24 ರೋಗಿಗಳ ಮೇಲೆ ಸತುವಿನ ಸಲ್ಫೇಟ್ ಪರೀಕ್ಷಿಸಿ ಗುಣ ಕಂಡರು. ಆಮೇಲೆ ಬೇರೆಯವರು ಪರೀಕ್ಷಿಸಿದಾಗ ಆ ಫಲ ಮರಳಿ ಬರಲಿಲ್ಲ. ಸಿಮ್‌ಕಿನ್ ಕೊಟ್ಟದ್ದು 220 ಮಿಲಿಗ್ರಾಂ ಸಲ್ಫೇಟ್ ದಿನಕ್ಕೆ ಮೂರು ಬಾರಿ, ಎಂದರೆ ಸುಮಾರು 150 ಮಿಲಿಗ್ರಾಂ ಸತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವಂತೆ ಗಂಡಸರಿಗೆ ದಿನಕ್ಕೆ ಬೇಕಾದ್ದು 17 ಮಿಲಿಗ್ರಾಂ, ಹೆಂಗಸರಿಗೆ ಸುಮಾರು 13. ದಾಟಬಾರದ ಮಿತಿ 40. ಮಿತಿ ಮೀರಿ ತಿಂಗಳುಗಟ್ಟಲೆ ಸತು ತಿಂದರೆ ಕರುಳಿನ ಕೋಶಗಳು ಮೆಟಲೊಥಯೊನಿನ್ ತಯಾರಿಸಿಕೊಂಡು ಊಟದ ತಾಮ್ರವನ್ನು ಒಳಕ್ಕೆ ಬಿಡದೆ ಹಿಡಿದುಕೊಳ್ಳುತ್ತವೆ, ಮಲದಲ್ಲಿ ಕಳಿಸುತ್ತವೆ. ವಿಲ್ಸನ್ ಕಾಯಿಲೆಯವರಿಗೆ ಸತು ಕೊಡುವುದು ಇದೇ ಕಾರಣಕ್ಕೆ. ಬೇರೆಯವರಲ್ಲಿ ಹೀಗಾದರೆ ಕಬ್ಬಿಣಕ್ಕೆ ಬಗ್ಗದ ರಕ್ತಹೀನತೆ ಬರುತ್ತದೆ, ಬಿಳಿ ರಕ್ತಕಣ ಇಳಿಯುತ್ತವೆ, ಪಾದ ಜೋಮು ಹಿಡಿದು ನಡಿಗೆ ತಪ್ಪುತ್ತದೆ, ನರದ ಹಾನಿ ಕೆಲವರಲ್ಲಿ ಪೂರ್ತಿ ಸರಿಹೋಗುವುದೇ ಇಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಲ್ಲಿ ಬಿಳಿ ಕಣ ಇಳಿದರೆ ಮೊದಲು ಗುಮಾನಿ ಹೋಗುವುದು ಅದರ ಮೇಲೆಯೇ. ‘ಶಕ್ತಿ ಮಾತ್ರೆ’ ಎಂದು ತಾವಾಗಿಯೇ ಸತು ತಿನ್ನುತ್ತಿರುವುದನ್ನು ರೋಗಿ ಹೇಳದಿದ್ದರೆ ತಪ್ಪಿಲ್ಲದ ಔಷಧ ನಿಲ್ಲುತ್ತದೆ, ತಪ್ಪು ಮಾಡಿದ್ದು ಮುಂದುವರಿಯುತ್ತದೆ.

ತಾಮ್ರದ ಬಳೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 70 ಸಂಧಿವಾತ ರೋಗಿಗಳ ಮೇಲೆ ತಾಮ್ರದ ಬಳೆ, ಅಯಸ್ಕಾಂತದ ಪಟ್ಟಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ನೋವಿನಲ್ಲಾಗಲಿ ಊತದಲ್ಲಾಗಲಿ ಹೇಳಿಕೊಳ್ಳುವ ಫಲ ಕಾಣಲಿಲ್ಲ. ತಾಮ್ರದ ಚೊಂಬಿನ ಮೇಲೆ ನನಗೆ ಗೌರವವಿದೆ. ರಾತ್ರಿಯಿಡೀ ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ ಎಂದು ಬೆಂಗಳೂರಿನ ಸಂಶೋಧಕರೇ 2012ರಲ್ಲಿ ತೋರಿಸಿದ್ದಾರೆ, ನೀರಿಗೆ ಇಳಿದ ತಾಮ್ರವೂ ಮಿತಿಯೊಳಗೇ ಇತ್ತು. ಚೊಂಬಿನ ಹಿರಿಮೆಗೆ ಅಷ್ಟು ಸಾಕು. ರಕ್ತದಲ್ಲಿ ಆಗಲೇ ತಾಮ್ರ ಏರಿರುವ ರೋಗಿಗೆ ಕೀಲುಬೇನೆಯ ಮದ್ದೆಂದು ಮತ್ತಷ್ಟು ತಾಮ್ರ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ.

ಮಾತ್ರೆ ಬಿಡಿಸಿದವರು ಅದರ ಜಾಗದಲ್ಲಿ ಕೊಡುವ ಪುಡಿಗಳ ವಿಷಯ ಇನ್ನೂ ಗಂಭೀರ. ಹೆಸರಿಲ್ಲದ ಪೊಟ್ಟಣ, ಬಿಲ್ಲಿಲ್ಲ, ಒಳಗೇನಿದೆ ಎಂಬ ಚೀಟಿಯಿಲ್ಲ. ತಿಂದ ಮೂರನೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೆಂದು ಮೊದಲು ಅನುಮಾನಿಸಬೇಕು. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆಯುರ್ವೇದವನ್ನು ಓದಿ, ಕಲಿತು, ಜವಾಬ್ದಾರಿಯಿಂದ ನಡೆಸುವವರ ಮೇಲೆ ನನ್ನ ದೂರಿಲ್ಲ. ಅವರೂ ಇಂಥ ಪೊಟ್ಟಣಗಳನ್ನು ವಿರೋಧಿಸುತ್ತಾರೆ. ಸೂಕ್ಷ್ಮ ಖನಿಜ ಹೋಗುತ್ತದೆಂಬ ಭಯಕ್ಕೆ ಔಷಧ ಬಿಟ್ಟವರ ಮೈಗೆ ಸೀಸ ಸೇರುವುದನ್ನು ಮಾತ್ರ ಸಹಿಸಲಾಗದು. ಸೀಸ ರಕ್ತ ತಯಾರಾಗುವುದನ್ನೇ ಕೆಡಿಸುತ್ತದೆ.

“ನಮ್ಮ ಜನರ ಊಟದಲ್ಲಿ ಸತು, ಕಬ್ಬಿಣ ಕಡಿಮೆ ಇರುವುದು ನಿಜವಲ್ಲವೇ?” ಎಂದು ಯಾರಾದರೂ ಕೇಳಬಹುದು. ನಿಜ. ಬರೀ ಅನ್ನ, ತಿಳಿಸಾರು, ಊಟದ ಹಿಂದೆಯೇ ಟೀ ಎಂದಿರುವ ಮನೆಯಲ್ಲಿ ಎರಡೂ ಕಡಿಮೆಯಾಗುತ್ತವೆ. ಅದನ್ನು ಮೊಳಕೆ ಕಾಳಿನಿಂದ, ರಾಗಿ ಹುರಿಹಿಟ್ಟಿನಿಂದ, ಸೊಪ್ಪಿನಿಂದ, ತಿನ್ನುವವರು ಮೊಟ್ಟೆ ಮೀನು ಮಾಂಸದಿಂದ ಸರಿಪಡಿಸಿಕೊಳ್ಳಲಿ. ಕೊರತೆ ಖಚಿತವಾದರೆ ವೈದ್ಯರು ಅಳತೆಯಿಟ್ಟು ಮಾತ್ರೆ ಕೊಡಲಿ. ಇದು ಸಂಧಿವಾತ ಇರುವವರಿಗೂ ಇಲ್ಲದವರಿಗೂ ಒಂದೇ. ಇದನ್ನು ಮುಂದಿಟ್ಟುಕೊಂಡು ಮೆಥೊಟ್ರೆಕ್ಸೇಟ್ ಬಿಡಿ ಎನ್ನುವುದಕ್ಕೆ ಆಧಾರವಿಲ್ಲ. ವೈದ್ಯರ ಮೇಲೂ ನನ್ನದೊಂದು ದೂರಿದೆ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸಿದರೆ ಉಳಿದ ಮಾತನ್ನು ಬೇರೆ ಯಾರೋ ಆಡುತ್ತಾರೆ. ಈ ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಈ ಅಪವಾದ ಇಷ್ಟು ಹಬ್ಬುತ್ತಿರಲಿಲ್ಲ. ರೋಗಿಯನ್ನು ಸಮಾಧಾನಪಡಿಸಲೆಂದು ಚೀಟಿಯ ಕೊನೆಗೆ ಮಲ್ಟಿವಿಟಮಿನ್ ಸೇರಿಸುವುದೂ ಅಪವಾದಕ್ಕೆ ಮುದ್ರೆ ಒತ್ತಿದಂತೆಯೇ.

ಈ ಕಾಯಿಲೆ ಇರುವವರಲ್ಲಿ, ಅವರ ಮನೆಯವರಲ್ಲಿ ನನ್ನ ವಿನಂತಿ ಇಷ್ಟು. ರಿಪೋರ್ಟಿನಲ್ಲಿ ಸತು ಕೆಂಪಾಗಿ ಕಂಡರೆ ಅದೇ ರಿಪೋರ್ಟಿನಲ್ಲಿ ಸಿಆರ್‌ಪಿ ಎಷ್ಟಿದೆ ನೋಡಿ, ಎರಡನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ. ಅಂಗಡಿಯಿಂದ ತಂದ ನೋವಿನ ಮಾತ್ರೆ, ಗ್ಯಾಸ್ ಮಾತ್ರೆ, ಶಕ್ತಿ ಮಾತ್ರೆ, ಪುಡಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಅವರ ಮೇಜಿನ ಮೇಲಿಡಿ, ಮುಚ್ಚಿಡಬೇಡಿ. ಸ್ಟಿರಾಯ್ಡ್ ಇದ್ದರೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಎಂದು ಬಾಯಿಬಿಟ್ಟು ಕೇಳಿ, ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಆ ಮಾತ್ರೆಯೂ ಫೋಲಿಕ್ ಆಸಿಡ್ಡೂ ಸಾಮಾನ್ಯವಾಗಿ ಎರಡೂ ಹಳದಿ, ಎರಡೂ ಪುಟ್ಟವು. ಅದಲುಬದಲಾಗಿ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ನುಂಗಬೇಕು ಎಂದು ಸ್ಟ್ರಿಪ್ಪಿನ ಮೇಲೆ ದಪ್ಪಗೆ ಕನ್ನಡದಲ್ಲಿ ಬರೆಸಿ ಇಡಿ.